ಉಂಡು ಬಿಟ್ಟ ತಟ್ಟೆ

ಯಾರದೋ ಕೆಳದವಡೆಯ ಅಚ್ಚನ್ನು ಎಡಗೈಯಲ್ಲಿ ಹಿಡಿದು ಕೂತವನಿಗೆ ಎಷ್ಟು ಹೊತ್ತಿನಿಂದ ಹಾಗೇ ಕೂತಿದ್ದೇನೆ ಎಂಬುದೇ ತಿಳಿದಿರಲಿಲ್ಲ. ಸ್ಪಿರಿಟ್ ದೀಪದ ಮೇಲೆ ಹಿಡಿದ ಮೇಣದ ಕಡ್ಡಿಯ ತುದಿ ಸುಟ್ಟು ಹೊಗೆ ಮೂಗಿಗೆ ಬಡಿದಾಗ ಬೆಚ್ಚಿ ಕೈ ಹಿಂದೆಗೆದ. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಹಿಂಬದಿಯಲ್ಲಿ, ಔಷಧಿ ಪೆಟ್ಟಿಗೆಗಳನ್ನು ಪೇರಿಸಿದ ಗೋಡೆಗೂ ಕೈ ತೊಳೆಯುವ ತೊಟ್ಟಿಗೂ ನಡುವೆ ಉಳಿದ ಜಾಗವೇ ಅವನ ಕೋಣೆ. ಮುಂದಿನ ಕೋಣೆಯಲ್ಲಿ ಡಾಕ್ಟರು ಬೋಳು ಒಸಡುಗಳ ಅಳತೆ ತೆಗೆದು ಕಳಿಸುತ್ತಾರೆ. ಇವನು ಅದಕ್ಕೆ ಸುಣ್ಣದ ಅಚ್ಚು ಹೊಯ್ದು, ಮೇಣದ ದಂಡೆ ಕಟ್ಟಿ, ಒಂದೊಂದಾಗಿ ಹಲ್ಲು ಕೂರಿಸಿ ಸೆಟ್ಟು ಮಾಡಿ ಕೊಡುತ್ತಾನೆ. ಸೆಟ್ಟು ಹಾಕಿಕೊಂಡವರ ಮುಖವನ್ನು ಅವನು ನೋಡಿದ್ದು ಕಡಿಮೆ. ಒಮ್ಮೊಮ್ಮೆ ಬಸ್ಸಿನಲ್ಲಿ ಎದುರು ಸೀಟಿನ ಮುದುಕ ನಕ್ಕಾಗ, ಇದು ನನ್ನ ನಗು ಇರಬಹುದೇ ಎಂದು ಅನುಮಾನದಿಂದ ನೋಡುತ್ತಾ ಕೂರುತ್ತಾನೆ. ಇವತ್ತಿನ ದವಡೆಯ ಹಿಂಭಾಗದಲ್ಲಿ ಒಸಡು ಒಂದೇ ಕಡೆ ಸವೆದಿತ್ತು. ಇದರ ಯಜಮಾನ ಬಹಳ ಕಾಲ ಒಂದೇ ದವಡೆಯಲ್ಲಿ ಅಗಿದವನು ಎಂದು ಅಂದುಕೊಂಡನೇ ಹೊರತು ಮನಸ್ಸು ಅಲ್ಲಿ ನಿಲ್ಲಲಿಲ್ಲ. ಹಿಂದಿನ ರಾತ್ರಿ ಮಗಳು ಫೋನಿನಲ್ಲಿ, "ಅಪ್ಪ, ಅಮ್ಮ ಬರೆದ ಚಿತ್ರ ನೋಡಿದ್ಯಾ?" ಎಂದು ಕೇಳಿದ್ದಳು. ಇನ್ನೂ ಇಲ್ಲ, ಕೆಲಸ ಇತ್ತು ಎಂದಿದ್ದ. "ಸರಿ ಬಿಡು" ಎಂದಳು. ಆ 'ಸರಿ ಬಿಡು' ಹಲ್ಲಿನ ಸಂದಿಯಲ್ಲಿ ಸಿಕ್ಕ ನಾರಿನ ಹಾಗೆ ಬೆಳಗಿನಿಂದ ಕೂತುಬಿಟ್ಟಿತ್ತು. ನಾಲಗೆ ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತದೆ, ನಾರು ಮಾತ್ರ ಬರುವುದಿಲ್ಲ.

ಹೆಂಡತಿ ಚಿತ್ರದ ಕ್ಲಾಸಿಗೆ ಸೇರಿದಾಗ ಅವನು ಬೇಡ ಅನ್ನಲಿಲ್ಲ. ಅದನ್ನು ತನ್ನ ದೊಡ್ಡತನದ ಖಾತೆಗೇ ಬರೆದುಕೊಂಡಿದ್ದ. ಮಗಳು ಮನೆ ಬಿಟ್ಟು ಹೋದ ಮೇಲೆ ಅವಳಿಗೂ ಹೊತ್ತು ಹೋಗಬೇಕಲ್ಲ ಎಂದು ಡಾಕ್ಟರ ಎದುರು ಹೇಳಿಕೊಂಡಿದ್ದ. ವಾರದಲ್ಲಿ ಎರಡು ಸಂಜೆ ಲೈಬ್ರರಿಯ ಮೇಲಿನ ಹಾಲಿಗೆ ಹೋಗಿ ಬರುತ್ತಿದ್ದಳು. ಬಂದವಳ ಬೆರಳಿನ ಸಂದಿಯಲ್ಲಿ ನೀಲಿಯೋ ಹಸಿರೋ ಉಳಿದಿರುತ್ತಿತ್ತು, ಅದೇ ಬೆರಳಲ್ಲಿ ಬಡಿಸುತ್ತಿದ್ದಳು. ಅವನು ನೋಡಿಯೂ ಏನೂ ಅನ್ನಲಿಲ್ಲ, ಅದೂ ಖಾತೆಗೆ ಸೇರಿತು. ಮಂಡಿ ನೋವು ಶುರುವಾದ ಕಾಲವೂ ಅದೇ ಇರಬೇಕು. ಒಂದು ದಿನ ಊಟ ಮುಗಿಸಿ ತಟ್ಟೆ ಎತ್ತಿಕೊಂಡು ಏಳಹೋದಾಗ ಅವಳು, ಅಲ್ಲೇ ಇರಲಿ ಬಿಡಿ, ನಾನು ತೆಗೀತೀನಿ ಎಂದಳು. ಮರುದಿನವೂ ಅಂದಳು. ಆಮೇಲೆ ಅದೇ ಅಭ್ಯಾಸವಾಯಿತು. ನನ್ನ ಕಷ್ಟ ತಿಳಿಯಲು ಇಷ್ಟು ವರ್ಷ ಬೇಕಾಯಿತು ಇವಳಿಗೆ ಎಂದು ಒಳಗೊಳಗೇ ಹಿಗ್ಗಿ, ಕೈ ತೊಳೆದು ಹೊರಗಿನ ಕೋಣೆಗೆ ಹೋಗಿ ಕಾಲು ಚಾಚಿ ಕೂರುತ್ತಿದ್ದ. ಅಡುಗೆಮನೆಯಿಂದ ಬಹಳ ಹೊತ್ತು ಪಾತ್ರೆಯ ಸದ್ದೇ ಬರುತ್ತಿರಲಿಲ್ಲ. ಅವಳೂ ದಣಿದಿದ್ದಾಳೆ, ಕೂತಿರಬೇಕು ಅಂದುಕೊಳ್ಳುತ್ತಿದ್ದ. ವಯಸ್ಸಾಗುತ್ತಾ ಹೆಂಗಸರು ಮೆತ್ತಗಾಗುತ್ತಾರೆ ನೋಡಿ ಎಂದು ಡಾಕ್ಟರಿಗೆ ಹೇಳಿದಾಗ ಅವರು, ನಿಮ್ಮ ಅದೃಷ್ಟ, ನಮ್ಮ ಮನೇಲಿ ಇನ್ನೂ ಗಟ್ಟಿಯಾಗ್ತಾ ಇದಾರೆ ಎಂದು ನಕ್ಕಿದ್ದರು. ಈಗ ಕ್ಲಾಸಿನವರೆಲ್ಲ ಸೇರಿ ಚಿತ್ರಗಳ ಪ್ರದರ್ಶನ ಇಟ್ಟಿದ್ದರು. ಬಂದ್ರೆ ಬನ್ನಿ ಎಂದಿದ್ದಳು, ಅಷ್ಟೇ. ಬನ್ನಿ ಎಂದು ಕರೆಯುವುದಕ್ಕೂ ಬಂದ್ರೆ ಬನ್ನಿ ಅನ್ನುವುದಕ್ಕೂ ಇರುವ ವ್ಯತ್ಯಾಸ ತನಗೆ ತಿಳಿಯುವುದಿಲ್ಲವೇ ಎಂದು ಅವನೂ ಬಿಗುಮಾನದಿಂದ ಹೋಗದೆ ಉಳಿದಿದ್ದ. ಮೇಣ ಆರಿ ಬೆರಳಿಗೆ ಅಂಟಿತು. ಡಬ್ಬಿಯ ಊಟ ಬಿಚ್ಚದೆ ಅಲ್ಲೇ ಬಿಟ್ಟು, ಔಷಧಿ ಅಂಗಡಿಗೆ ಹೋಗಿ ಬರ್ತೀನಿ ಎಂದು ಯಾರೂ ಕೇಳದಿದ್ದರೂ ಹೇಳಿ ಹೊರಗೆ ಬಂದ.

ಮೆಟ್ಟಿಲು ಹತ್ತುವಾಗ ಮಂಡಿ ಹಿಡಿಯಿತು. ಹಾಲಿನ ಬಾಗಿಲಲ್ಲಿ ಯಾರೂ ಇರಲಿಲ್ಲ. ಒಳಗೆ ಫ್ಯಾನು ತಿರುಗುವ ಸದ್ದು, ಹೊಸ ಸುಣ್ಣದ ವಾಸನೆ. ಮೊದಲ ಗೋಡೆಯ ಮೇಲೆ ಹೂವುಗಳು, ಆಮೇಲೆ ಬುಟ್ಟಿಯ ಹಣ್ಣುಗಳು, ಕಡಲು, ದೋಣಿ, ಮತ್ತೆ ಹಣ್ಣುಗಳು. ಸೇಬಿನ ಮೇಲೆ ಬೆಳಕಿನ ಚುಕ್ಕೆ, ದ್ರಾಕ್ಷಿಯ ಮೇಲೆ ನೀರಿನ ಹನಿ. ಇಷ್ಟೇ ತಾನೇ, ಇದಕ್ಕೆ ಮಗಳು ಯಾಕೆ ಹಾಗೆ ಸರಿ ಬಿಡು ಅಂದಳು ಎಂದುಕೊಳ್ಳುತ್ತಾ ಇವುಗಳಲ್ಲಿ ಹೆಂಡತಿಯದು ಯಾವುದಿರಬಹುದು ಎಂದು ಹುಡುಕಿದ. ಆ ಸೊಟ್ಟ ದೋಣಿ ಅವಳದ್ದಿರಬಹುದು ಎಂದು ನಿರ್ಧರಿಸಿ, ಪರವಾಗಿಲ್ಲ, ಚೆನ್ನಾಗೇ ಬರೆದಿದಾಳೆ ಎಂದು ಸಂಜೆ ಹೇಳುವ ಮಾತನ್ನೂ ಸಿದ್ಧ ಮಾಡಿಕೊಂಡ. ತಿರುಗಿದಾಗ ಹಿಂದಿನ ಗೋಡೆ ಕಂಡಿತು. ಗೋಡೆಯ ತುಂಬಾ ಒಂದೇ ಅಳತೆಯ ಚಿತ್ರಗಳು, ಸಾಲಾಗಿ, ಮೇಲಿಂದ ನೋಡಿದಂತೆ ಬರೆದ ತಟ್ಟೆಗಳು. ಎಲ್ಲವೂ ಯಾರೋ ಉಂಡು ಬಿಟ್ಟು ಎದ್ದ ತಟ್ಟೆಗಳು.

ಮೊದಲು ಅವನಿಗೆ ಗುರುತು ಸಿಕ್ಕಿದ್ದು ತಟ್ಟೆಯ ಅಂಚಿನ ಪೆಟ್ಟು. ಮಗಳು ಚಿಕ್ಕವಳಿದ್ದಾಗ ಎತ್ತಿ ಹಾಕಿ ಒಂದು ಕಡೆ ನೆಗ್ಗಿದ ತಟ್ಟೆ ಅದು, ಅವನದೇ. ಅಂಚಿನ ಉದ್ದಕ್ಕೂ ಹಸಿಮೆಣಸಿನ ತುಂಡುಗಳನ್ನು ಯಾರೋ ಒಂದೊಂದಾಗಿ ಹೊರಗೆ ಹಾಕಿದ್ದರು, ಹೆದರಿದವರನ್ನು ಸಾಲಾಗಿ ನಿಲ್ಲಿಸಿದ ಹಾಗೆ. ಇನ್ನೊಂದರಲ್ಲಿ ಮೀನಿನ ಮುಳ್ಳುಗಳು ಬಿಲ್ಲಿನಂತೆ ಬಾಗಿ ಕೂತಿದ್ದವು, ಸಣ್ಣದರಿಂದ ದೊಡ್ಡದಕ್ಕೆ, ಮತ್ತೆ ಸಣ್ಣದಕ್ಕೆ. ಇನ್ನೊಂದರಲ್ಲಿ ಹಿಂಡಿ ಹಿಂಡಿ ಸಿಪ್ಪೆಯೇ ಒಳಹೊರಗಾದ ನಿಂಬೆಯ ಹೋಳು, ಅದರ ಪಕ್ಕ ನಾಲ್ಕು ಬೆರಳು ಎಳೆದ ಗೆರೆ, ಗೆರೆಯ ನಡುವೆ ಒಣಗುತ್ತಿರುವ ಎಣ್ಣೆಯ ಹಳದಿ. ಆ ಹಳದಿ ಎಷ್ಟು ನಿಜವಾಗಿತ್ತೆಂದರೆ ಅವನಿಗೆ ಬೆರಳಿನ ತುದಿ ಜಿಡ್ಡಾದಂತಾಯಿತು, ಪ್ಯಾಂಟಿಗೆ ಒರೆಸಿಕೊಂಡ. ಅಗಿದು ರಸ ಹೀರಿ ಉಗುಳಿದ ಸೊಪ್ಪಿನ ದಂಟುಗಳ ಗುಡ್ಡೆಯೊಂದಿತ್ತು. ಅದನ್ನು ಬರೆಯಲು ಅವಳು ಎಷ್ಟು ಬೂದಿ ಬಣ್ಣ ಕಲೆಸಿರಬೇಕು, ಎಷ್ಟು ಹೊತ್ತು ಕೂತಿರಬೇಕು. ಅವನು ಬಾಯಿಂದ ತೆಗೆದದ್ದನ್ನು ಅವನೇ ಯಾವತ್ತೂ ನೋಡಿರಲಿಲ್ಲ. ಆ ಸದ್ದಿಲ್ಲದ ಅಡುಗೆಮನೆ ನೆನಪಾಯಿತು. ಹೊರಗಿನ ಕೋಣೆಯಲ್ಲಿ ಹಿಗ್ಗಿ ಕೂತಿದ್ದ ತನ್ನನ್ನೇ ಬೇರೆ ಯಾರನ್ನೋ ನೋಡುವಂತೆ ನೋಡಿದ, ಕಿವಿ ಬಿಸಿಯಾಯಿತು.

ಇಬ್ಬರು ಹುಡುಗಿಯರು ಪಕ್ಕಕ್ಕೆ ಬಂದು ನಿಂತರು. ಕಾಲೇಜಿನವರಿರಬೇಕು, ಹೆಗಲಿಗೆ ಚೀಲ. ಮುಳ್ಳಿನ ತಟ್ಟೆಯ ಮುಂದೆ ಒಬ್ಬಳು ನಕ್ಕು, ಹಲ್ಲಿನ ಸೆಟ್ ತರ ಜೋಡಿಸಿದಾನೆ ನೋಡೇ ಎಂದಳು. ಇನ್ನೊಬ್ಬಳು ನಗಲಿಲ್ಲ. ಇವನು ಯಾರ ಜೊತೆನೂ ಮಾತಾಡದೆ ಊಟ ಮಾಡೋ ಮನುಷ್ಯ, ಮಾತಾಡ್ತಾ ತಿನ್ನೋರು ಇಷ್ಟು ನೀಟಾಗಿ ಇಡಕ್ಕಾಗಲ್ಲ ಎಂದಳು. ಪಾಪ, ಹೊಟ್ಟೆ ಹುಣ್ಣಿರಬಹುದು, ಖಾರ ಒಂದೂ ಮುಟ್ಟಿಲ್ಲ ಎಂದು ಮೊದಲನೆಯವಳು. ಹುಣ್ಣಿಲ್ಲ, ಸುಮ್ಮನೆ ಇಷ್ಟವಿಲ್ಲ ಎಂದು ಹೇಳಬೇಕೆಂದು ಅವನ ಗಂಟಲವರೆಗೆ ಬಂತು. ಇಷ್ಟವಿಲ್ಲ ಎಂದು ಹೆಂಡತಿಗಾದರೂ ಯಾವತ್ತು ಹೇಳಿದ್ದೆ ಎಂದು ನೆನಪು ಮಾಡಿಕೊಳ್ಳಲು ನೋಡಿದ. ಹೇಳಿರಲಿಲ್ಲ, ಬರೀ ಎತ್ತಿ ಪಕ್ಕಕ್ಕಿಟ್ಟಿದ್ದ, ಅವಳು ಮರುದಿನವೂ ಹಾಕಿದ್ದಳು, ಮತ್ತೆ ಎತ್ತಿ ಪಕ್ಕಕ್ಕಿಟ್ಟಿದ್ದ. ಬರೆದವಳ ತಟ್ಟೆ ಎಲ್ಲೇ, ಅವಳದ್ದು ಒಂದೂ ಇಲ್ವಲ್ಲ ಎಂದು ಎರಡನೆಯ ಹುಡುಗಿ ಗೋಡೆಯ ಈ ತುದಿಯಿಂದ ಆ ತುದಿಯವರೆಗೆ ಹುಡುಕಿದಳು. ಅವನೂ ಹುಡುಕಿದ.

ಮೂಲೆಯ ಚಿತ್ರದಲ್ಲಿ ತಟ್ಟೆಯ ತುಂಬ ಕಲಕಿದ ನೀರು, ಅದರಲ್ಲಿ ತೇಲುವ ಅನ್ನದ ಅಗುಳು, ಒಂದು ಈರುಳ್ಳಿಯ ಎಸಳು. ಕೈ ತೊಳೆದ ತಟ್ಟೆ. ಅವನ ಅಪ್ಪ ಹಾಗೆ ತೊಳೆಯುತ್ತಿದ್ದ. ಉಂಡ ತಟ್ಟೆಗೇ ಲೋಟದ ನೀರು ಸುರಿದು ಐದೂ ಬೆರಳು ಉಜ್ಜಿ, ಬಾಯಿ ಮುಕ್ಕಳಿಸಿ ಅದಕ್ಕೇ ಉಗಿಯುತ್ತಿದ್ದ. ಅಮ್ಮ ಮುಖ ಆ ಕಡೆ ಮಾಡಿ ಆ ತಟ್ಟೆ ಎತ್ತುವುದನ್ನು ನೋಡಿದಾಗಲೆಲ್ಲ ಹುಡುಗನಾಗಿದ್ದ ಇವನಿಗೆ ವಾಕರಿಕೆ ಬರುತ್ತಿತ್ತು. ದೊಡ್ಡವನಾದ ಮೇಲೆ ನಾನು ಹೀಗಿರಬಾರದು ಎಂದು ಅಂದುಕೊಂಡದ್ದು ಒಂದೆರಡು ಸಲವಲ್ಲ. ಅಪ್ಪ ತೀರಿಕೊಂಡ ವರ್ಷವೇ ಇರಬೇಕು, ಯಾವುದೋ ಒಂದು ರಾತ್ರಿ ತೀರ ಸುಸ್ತಾಗಿ, ತೊಟ್ಟಿಯವರೆಗೆ ಯಾರು ಹೋಗುತ್ತಾರೆಂದು ಲೋಟ ಬಗ್ಗಿಸಿದ್ದ. ಎದುರಿಗೆ ಹೆಂಡತಿ ಕೂತಿದ್ದಳೋ ನಿಂತಿದ್ದಳೋ, ಮುಖ ಆ ಕಡೆ ಮಾಡಿದ್ದಳೋ ಇಲ್ಲವೋ. ಚಿತ್ರ ನೋಡಿದರೆ ಮುಖ ತಿರುಗಿಸದೆ ನೋಡಿದವಳ ಹಾಗೆ ಕಾಣುತ್ತಿತ್ತು. ನೀರಿನ ಮೇಲೆ ತೆಳ್ಳಗೆ ಹರಡಿದ ಎಣ್ಣೆಯಲ್ಲಿ ಕಿಟಕಿಯ ಬೆಳಕು ಬಿದ್ದು, ಅಲ್ಲಿ ಹಸಿರು, ಇಲ್ಲಿ ನಸುಗೆಂಪು, ನಡುವೆ ಹೆಸರಿಲ್ಲದ ಬಣ್ಣಗಳು. ಈ ಗೋಡೆಯ ಚಿತ್ರಗಳಲ್ಲೆಲ್ಲ ಅದೇ ಚೆಂದವಾಗಿತ್ತು. ಚೆಂದವಾಗಿದೆ ಎಂದು ಅನ್ನಿಸಿದ್ದಕ್ಕೆ ಅವನಿಗೆ ಇನ್ನಷ್ಟು ನಾಚಿಕೆಯಾಯಿತು.

"ಅದರ ಮುಂದೆ ಎಲ್ಲರೂ ನಿಲ್ತಾರೆ," ಎಂದು ಬೆನ್ನ ಹಿಂದಿನಿಂದ ಯಾರೋ ಅಂದರು. ಬೆಳ್ಳಗಿನ ಗಡ್ಡ, ಜೇಬಿನಲ್ಲಿ ಎರಡು ಪೆನ್ಸಿಲ್ಲು. ಕ್ಲಾಸು ನಡೆಸುವ ಡ್ರಾಯಿಂಗ್ ಮೇಷ್ಟ್ರು. ಹೆಂಡತಿ ಅವರ ವಿಷಯ ಆಗೀಗ ಹೇಳಿದ್ದಳು, ಇವನು ಹೂಂಗುಟ್ಟಿದ್ದ. ಮೇಷ್ಟ್ರಿಗೆ ಕೇಳುವವರು ಸಿಕ್ಕಿದ್ದೇ ಸಾಕಾಯಿತು. ಚಿತ್ರ ಬರೆಯುವವರು ಲೋಕದಲ್ಲೆಲ್ಲ ಊಟ ಬರೆದಿದ್ದಾರೆ, ಆದರೆ ಯಾವಾಗಲೂ ಬಡಿಸಿಟ್ಟ ಊಟ, ಕಚ್ಚದ ಹಣ್ಣು, ಮುರಿಯದ ರೊಟ್ಟಿ. ಈಯಮ್ಮ ಮುಗಿದ ಮೇಲಿನದನ್ನು ಬರೆದರು. ಒಂದು ಮನೆಯಲ್ಲಿ ಯಾರು ಮೊದಲು ಕೂರುತ್ತಾರೆ, ಯಾರು ಕಾಯುತ್ತಾರೆ, ಯಾರಿಗೆ ಮೆತ್ತನೆ ಹೋಳು, ಯಾರಿಗೆ ತಳ ಹಿಡಿದದ್ದು, ಎಲ್ಲ ಇದರಲ್ಲಿ ಗೊತ್ತಾಗುತ್ತದೆ ಎಂದು ಕೈ ಬೀಸಿ ಬೀಸಿ ವಿವರಿಸಿದರು. ಅವನು ತಲೆ ಆಡಿಸುತ್ತಾ, ತನ್ನ ದನಿ ತನಗೇ ಬೇರೆಯಾಗಿ ಕೇಳುವಂತೆ, ಇದು ಯಾರ ತಟ್ಟೆ ಎಂದು ಕೇಳಿದ.

"ಗಂಡನದು ಅನ್ಸತ್ತೆ. ಅವರು ಹೇಳಿಲ್ಲ, ನಾನೂ ಕೇಳಲಿಲ್ಲ," ಎಂದು ಮೇಷ್ಟ್ರು ದನಿ ತಗ್ಗಿಸಿದರು. "ತೀರಿಕೊಂಡಿರಬೇಕು. ಬದುಕಿರೋರ ತಟ್ಟೇನ ಯಾರು ಇಷ್ಟು ನೋಡ್ತಾರೆ ಹೇಳಿ."

ಹುಡುಗಿಯರೂ ತಿರುಗಿ ನೋಡಿದರು. ಆಗ ಅವನು ಏನಾದರೂ ಅನ್ನಬಹುದಿತ್ತು. ನಗಬಹುದಿತ್ತು, ಮೇಷ್ಟ್ರೇ ಆ ಪುಣ್ಯಾತ್ಮ ನಿಮ್ಮೆದುರಿಗೇ ನಿಂತಿದಾನೆ ಎಂದು ಹೇಳಿ ಎಲ್ಲರನ್ನೂ ನಗಿಸಲೂಬಹುದಿತ್ತು. ಬಾಯಿಂದ ಬಂದದ್ದು, "ಇರಬಹುದು" ಎಂಬ ಒಂದು ಮಾತು. ಹೇಳಿದ ಮೇಲೆ ಮೈ ಹಗುರವಾದಂತಾಯಿತು. ಸತ್ತವನ ಎಂಜಲಿನ ಮೇಲೆ ಯಾರಿಗೂ ಸಿಟ್ಟಿರುವುದಿಲ್ಲ. ಹುಡುಗಿಯರ ಮುಖದಲ್ಲೂ ಮರುಕ ಬಂದಿತ್ತು. ಮುಳ್ಳಿನ ತಟ್ಟೆಯನ್ನು ಈಗ ಬೇರೆ ಥರ ನೋಡುತ್ತಿದ್ದರು. ಆ ಮರುಕದಲ್ಲಿ ಸ್ವಲ್ಪ ಹೊತ್ತು ಬೆಚ್ಚಗೆ ನಿಂತಿದ್ದು, ಹೊರಡಬೇಕೆಂದು ಹೆಜ್ಜೆ ತಿರುಗಿಸಿದಾಗ ಬಾಗಿಲ ಪಕ್ಕದ ಕೊನೆಯ ಚಿತ್ರ ಕಂಡಿತು. ಆ ತಟ್ಟೆ ತುಂಬಿತ್ತು. ಬಡಿಸಿದ ಅನ್ನ ಹಾಗೇ ಇದ್ದು, ನಡುವೆ ಮೂರು ಬೆರಳು ಊರಿ ತೆಗೆದ ಗುಳಿ, ಮತ್ತು ತಟ್ಟೆ ಜರುಗಿ ಮೇಜಿನ ಮೇಲೆ ಬಿದ್ದ ಒದ್ದೆ ಗುರುತು. ಹೆಂಡತಿಯ ಅಣ್ಣ ಬಂದಿದ್ದ ದಿನ. ಒಂದು ತುತ್ತು ಬಾಯಿಗಿಟ್ಟು, ಉಪ್ಪಿಲ್ಲ ಎಂದು ಇವನು ತಟ್ಟೆ ನೂಕಿ ಎದ್ದಿದ್ದ. ಉಪ್ಪು ತಂದುಕೊಡುತ್ತೇನೆ ಎಂದವಳ ಕೈ ಇನ್ನೂ ಮುಂದೆ ಚಾಚಿತ್ತು. ಹೊರಗಿನ ಕೋಣೆಗೆ ಹೋಗಿ ಕೂತವನಿಗೆ ಒಳಗಿನಿಂದ ಆ ಅಣ್ಣನ ದನಿ ಕೇಳಿತ್ತು, ಇನ್ನೊಂದು ಸ್ವಲ್ಪ ಹಾಕಮ್ಮ, ಚೆನ್ನಾಗಿದೆ. ಉಪ್ಪಿಲ್ಲದ್ದನ್ನೇ ಆ ಮನುಷ್ಯ ಎರಡನೇ ಸಲ ಹಾಕಿಸಿಕೊಂಡು ತಿಂದಿದ್ದ. ಆವತ್ತು ಅದು ತನಗೆ ಮಾಡಿದ ಅವಮಾನ ಎಂದು ತಿಳಿದು ಬಹಳ ದಿನ ಅವನ ಮೇಲೆ ಹಲ್ಲು ಕಡಿದಿದ್ದ. ಈ ಚಿತ್ರದಲ್ಲಿ ಅನ್ನದ ಮೇಲೆ ಇನ್ನೂ ಹಬೆ ಆಡುತ್ತಿತ್ತು. ಅದನ್ನು ಅವಳು ಯಾವ ಬಣ್ಣದಲ್ಲಿ ಬರೆದಳೋ ಅವನಿಗೆ ತಿಳಿಯಲಿಲ್ಲ. ಸ್ವಲ್ಪ ಇರಿ, ಅವರೇ ಇನ್ನೇನು ಬರ್ತಾರೆ ಎಂದು ಮೇಷ್ಟ್ರು ಹಿಂದಿನಿಂದ ಕರೆಯುತ್ತಿದ್ದಂತೆ, ಮಂಡಿಯನ್ನೂ ಮರೆತು ಮೆಟ್ಟಿಲು ಇಳಿದ.

ಮಧ್ಯಾಹ್ನದ ಮೇಲೆ ಕೂರಿಸಿದ ಹಲ್ಲುಗಳೆಲ್ಲ ಎಡವಟ್ಟಾದವು. ಮೇಲಿನ ಸಾಲು ಕೆಳಗಿನ ಸಾಲನ್ನು ಮುಟ್ಟುತ್ತಲೇ ಇರಲಿಲ್ಲ. ಡಾಕ್ಟರು ಎತ್ತಿ ಬೆಳಕಿಗೆ ಹಿಡಿದು, ಇದನ್ನ ಹಾಕ್ಕೊಂಡೋನು ಅಗಿಯೋದು ಹೆಂಗ್ರೀ, ಬರೀ ನಗಬೇಕು ಅಷ್ಟೇ ಎಂದರು. ಹೊರಗೆ ಕಾಯುತ್ತಿದ್ದವರಿಗೂ ಕೇಳಿಸುವಷ್ಟು ಜೋರಾಗಿಯೇ ಅಂದರು. ಅವನು ಮೇಣ ಕರಗಿಸಿ ಹಲ್ಲುಗಳನ್ನು ಒಂದೊಂದಾಗಿ ಕಿತ್ತು ಬಟ್ಟಲಿಗೆ ಹಾಕಿದ. ಡಬ್ಬಿಯ ಊಟ ಬಿಚ್ಚಿದಾಗ ತಣ್ಣಗಾಗಿತ್ತು. ತಿನ್ನಲು ಹೋದರೆ ಕೈ ಡಬ್ಬಿಯ ಮೇಲೆ ಮಾಡುವುದೆಲ್ಲ ಕಣ್ಣಿಗೆ ಕಾಣತೊಡಗಿತು. ಮುಚ್ಚಿ ಚೀಲದಲ್ಲಿಟ್ಟ. ಮನೆಗೆ ಹೋಗುವ ದಾರಿಯಲ್ಲಿ ಸಿಟ್ಟನ್ನು ಕಟ್ಟಿಕೊಳ್ಳಲು ಪ್ರಯತ್ನಪಟ್ಟ. ಊರವರ ಮುಂದೆ ಹೀಗೆ ಬಯಲು ಮಾಡುವುದೇ, ಕಾಗೆಗೆ ಹಾಕುವುದನ್ನು ಕಟ್ಟು ಹಾಕಿಸಿ ಗೋಡೆಗೆ ತೂಗಿಸುವುದೇ ಎಂದು ಮಾತುಗಳನ್ನು ಜೋಡಿಸಿದ. ಒಂದೊಂದು ಮಾತೂ ಸರಿಯಾಗಿಯೇ ಇತ್ತು. ಆದರೆ ಆ ನೀರಿನ ಮೇಲಿನ ಬಣ್ಣಗಳು ನಡುವೆ ಬಂದು ಸಿಟ್ಟು ಸಡಿಲವಾಗುತ್ತಿತ್ತು. ಮನೆಯ ಬಾಗಿಲು ಮುಟ್ಟುವ ಹೊತ್ತಿಗೆ ಕೈಯಲ್ಲಿ ಉಳಿದದ್ದು ದಣಿವು ಮಾತ್ರ.

ಅವಳು ದಿನದಂತೆ ಬಡಿಸಿದಳು. ಅನ್ನ, ಬೇಯಿಸಿದ ತರಕಾರಿ, ಹೆಚ್ಚಿದ ಸೌತೆಕಾಯಿ, ಮೀನಿನ ತುಂಡು. ಮೊದಲ ಮುಳ್ಳು ಬಾಯಿಗೆ ಸಿಕ್ಕಿದಾಗ ಅದನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಕೆನ್ನೆಯಲ್ಲಿ ಇಟ್ಟುಕೊಂಡ. ಎರಡನೆಯದನ್ನು ಎಡಗೈಗೆ ತೆಗೆದು ಮುಷ್ಟಿ ಮುಚ್ಚಿದ. ತಟ್ಟೆಯಲ್ಲಿ ಬೆರಳು ಆಡಿಸಿದರೆ ಗೆರೆ ಬೀಳುತ್ತಿತ್ತು, ಗೆರೆಯನ್ನು ಅನ್ನದಿಂದ ಮುಚ್ಚಲು ಹೋದರೆ ಇನ್ನೊಂದು ಗೆರೆ. ಅವಳು ಗೋಡೆಗೆ ಒರಗಿ ನಿಂತು ಅವನ ಮುಷ್ಟಿಯನ್ನೇ ನೋಡುತ್ತಿದ್ದಳು.

"ಮುಳ್ಳು ತಟ್ಟೇಲೇ ಇಡಿ. ಚುಚ್ಚತ್ತೆ," ಎಂದಳು.

ಇಟ್ಟ. ಇಟ್ಟದ್ದು ಬಾಗಿಯೇ ಕೂತಿತು. ಇವತ್ತು ಯಾರೋ ಬಂದಿದ್ದರಂತೆ, ಬಹಳ ಹೊತ್ತು ನಿಂತಿದ್ದರಂತೆ, ಅಂಗಿಯ ತೋಳೆಲ್ಲ ಬಿಳೀ ಪುಡಿಯಂತೆ, ಮೇಷ್ಟ್ರು ಹೇಳಿದರು ಎಂದು ಅವಳು ಬೇರೆ ಯಾರ ಸುದ್ದಿಯನ್ನೋ ಹೇಳುವಂತೆ ಹೇಳಿದಳು. ಅವನು ತೋಳು ನೋಡಿಕೊಂಡ. ಸುಣ್ಣ ಇನ್ನೂ ಇತ್ತು.

"ನಾನು ಸತ್ತಿದೀನಿ ಅಂದ್ಕೊಂಡಿದಾರೆ ಅವರು," ಎಂದ.

"ನಾನು ಹಾಗೆ ಹೇಳಿಲ್ಲ."

"ಇಲ್ಲ ಅಂತಾನೂ ಹೇಳಿಲ್ಲ."

"ನೀವೂ ಹೇಳಬಹುದಿತ್ತಲ್ಲ," ಎಂದಳು. ದನಿಯಲ್ಲಿ ಜಗಳವಿರಲಿಲ್ಲ.

ಅವನು ತುತ್ತು ಕಲೆಸುತ್ತಾ, ಬರೆಯಲು ಬೇರೇನೂ ಸಿಗಲಿಲ್ಲವೇ ಎಂದು ಕೇಳಿದ. ದಿನಾ ನೋಡುವುದನ್ನು ಬರೆಯಿರಿ ಎಂದು ಮೇಷ್ಟ್ರು ಹೇಳಿದ್ದರಂತೆ. ಉಳಿದವರು ಹೂವು ಹಣ್ಣು ಎಂದು ಹೊರಟರು, ಹೂವು ಹಣ್ಣು ದಿನಾ ನೋಡುವವರು ಯಾರಿದ್ದಾರೆ ಎಂದಳು. ಅವನು ಕೊನೆಗೂ ಕೇಳಬೇಕಾದ್ದನ್ನು ಕೇಳಿದ. ಸಿಟ್ಟಿತ್ತಾ.

"ಮೊದಮೊದಲು ಇತ್ತು," ಎಂದಳು. "ಆ ಉಪ್ಪಿನ ತಟ್ಟೆ ಬರೆಯುವಾಗ ಎರಡು ಸಲ ಹಾಳೆ ಹರಿದು ಹಾಕ್ದೆ. ಆಮೇಲಾಮೇಲೆ ಬಣ್ಣ ಸರಿಯಾಗಿ ಬಂದ್ರೆ ಸಾಕು ಅನ್ನೋ ಹಾಗಾಯ್ತು. ನಿಮ್ಮ ಹೆಸರೂ ನೆನಪಿರ್ತಿರಲಿಲ್ಲ ಆಗ."

ಹಾಗೆಂದು ಅವಳು ಸಣ್ಣಗೆ ನಕ್ಕಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು ಅನ್ನಿಸಿತು ಅವನಿಗೆ. ನಿನ್ನ ತಟ್ಟೆ ಒಂದೂ ಬರೆದಿಲ್ಲವಲ್ಲ ಎಂದು ಕೇಳಿದಾಗ ಅವಳು, ನಾನೆಲ್ಲಿ ತಟ್ಟೇಲಿ ಉಣ್ತೀನಿ ಎಂದಳು, ಇದೂ ಗೊತ್ತಿಲ್ಲವೇ ಎಂಬಂತೆ. ಪಾತ್ರೆಯಲ್ಲಿ ಉಳಿದದ್ದನ್ನು ಅಲ್ಲೇ ಕಲೆಸಿಕೊಂಡು, ಒಲೆಯ ಪಕ್ಕ ನಿಂತೇ ಮುಗಿಸುವುದು. ತೊಳೆಯುವುದು ಒಂದು ಕಡಿಮೆ. ಯಾವಾಗಿನಿಂದ ಎಂದು ಕೇಳಲು ಅವನಿಗೆ ಧೈರ್ಯವಾಗಲಿಲ್ಲ. ಎದ್ದು, ಎಂಜಲು ಕೈಯನ್ನು ಬೆನ್ನ ಹಿಂದೆ ಹಿಡಿದು, ಎಡಗೈಯಲ್ಲಿ ಗೂಡಿನಿಂದ ಒಂದು ತಟ್ಟೆ ತೆಗೆದು ಮೇಜಿನ ಆ ಬದಿಗಿಟ್ಟ. ಹಾಕಿಕೊಂಡು ಕೂತುಕೋ ಎಂದ. ಈಗ್ಲೇ ಬೇಡ, ಆಮೇಲೆ ಮಾಡ್ತೀನಿ ಎಂದಳು. ಅವನು ನಿಂತೇ ಇದ್ದ. ಮಂಡಿ ನೋಯುತ್ತದೆ, ಕೂತ್ಕೊಳ್ಳಿ ಮೊದಲು ಎಂದು ಗೊಣಗುತ್ತಾ ಕೊನೆಗೆ ಅವಳೂ ಕುರ್ಚಿ ಎಳೆದುಕೊಂಡಳು.

ಒಂದು ತುತ್ತು ಬಾಯಿಗೆ ಹಾಕಿಕೊಂಡವಳು ಅಗಿಯುವುದನ್ನು ನಿಲ್ಲಿಸಿದಳು. "ಹಾಗೆ ನೋಡಬೇಡಿ. ಗಂಟಲಲ್ಲಿ ಇಳಿಯಲ್ಲ."

ಅವನು ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡು ಕೂತ. ಬಲಗೈ ಒಣಗಿ ಚರ್ಮ ಬಿಗಿಯುತ್ತಿತ್ತು. ಬೆನ್ನ ಹಿಂದೆ ಮೊದಲು ಏನೂ ಕೇಳಲಿಲ್ಲ. ಆಮೇಲೆ ತಟ್ಟೆಗೆ ಬಳೆ ತಾಗಿದ ಸದ್ದು, ನೀರು ಕುಡಿದ ಸದ್ದು. ಆಮೇಲೆ ಸೌತೆಕಾಯಿ ಕಚ್ಚಿದಳು. ಅವಳು ಅಗಿಯುವುದನ್ನು ತಾನು ಕೇಳುತ್ತಿರುವುದು ಇದೇ ಮೊದಲು ಎಂದು ಅವನಿಗೆ ಹೊಳೆಯಿತು. ಕಚ್ಚಿದ್ದು ಒಮ್ಮೆ, ಆಮೇಲೆ ನಿಂತಿತು, ನಾಲಗೆ ಅದನ್ನು ಆ ಕಡೆಯಿಂದ ಈ ಕಡೆಗೆ ಸರಿಸಿತು, ಮತ್ತೆ ನಿಧಾನವಾಗಿ, ಎಚ್ಚರದಿಂದ, ಎಡಗಡೆಯ ಒಂದೇ ದವಡೆಯಲ್ಲಿ ಅಗಿಯತೊಡಗಿದಳು. ಮುಂದಿನ ತುಂಡಿಗೂ ಹಾಗೇ. ಅದರ ಮುಂದಿನದಕ್ಕೂ ಹಾಗೇ.

"ಬಲಗಡೆ ನೋಯತ್ತಾ?" ಎಂದು ಗೋಡೆಗೆ ಕೇಳಿದ.

ಸದ್ದು ನಿಂತಿತು. "ಹೂಂ. ತಣ್ಣಗಿದ್ದದ್ದು ತಾಗಿದ್ರೆ."

"ಎಷ್ಟು ದಿನದಿಂದ?"

"ದಿನ ಎಲ್ಲಿ ಬಂತು. ಮಗಳು ಇಲ್ಲಿದ್ದಾಗಿಂದ."

ಅವನು ತಿರುಗಹೋದ. ಯಾವ ಹಲ್ಲು, ಮೇಲಿನದಾ ಕೆಳಗಿನದಾ, ಬಾಯಿ ತೆಗಿ ನೋಡೋಣ ಎಂದು ಅರ್ಧ ಎದ್ದೂ ಬಿಟ್ಟಿದ್ದ.

"ಈಗ ಬೇಡ," ಎಂದಳು ಅವಳು. "ಊಟ ಮಾಡ್ತಿದೀನಿ."

ಅವನು ಮತ್ತೆ ಗೋಡೆಗೆ ಮುಖ ಮಾಡಿ ಕೂತು, ಅವಳ ಊಟ ಮುಗಿಯುವುದನ್ನು ಕಾಯತೊಡಗಿದ. ಅವಳು ನಿಧಾನವಾಗಿ ಉಣ್ಣುತ್ತಿದ್ದಳು.